ಅಕ್ಷರ ಉಳಿಸಿ ಬಟ್ಟೆ ಎಸೆಯಬೇಡಿ: ಇಸ್ಲಾಮಿ ಜವಳಿ ಸಂಗ್ರಹಗಳ ಹೊಣೆ ಹೊತ್ತವರಿಗೊಂದು ಬಹಿರಂಗ ಪತ್ರ

ಮ್ಯೂಸಿಯಂಗಳ ನಿರ್ದೇಶಕರಿಗೆ, ಪ್ರದರ್ಶನದ ಫಲಕ ಬರೆಯುವ ಕ್ಯುರೇಟರುಗಳಿಗೆ, ಹರಾಜು ಸಂಸ್ಥೆಗಳಿಗೆ, ಖಾಸಗಿ ಸಂಗ್ರಾಹಕರಿಗೆ

ಮಾನ್ಯರೇ,

ಅರಬಿ ಅಕ್ಷರವಿರುವ ಹಳೆಯ ಬಟ್ಟೆಯ ಕೆಳಗೆ ನೀವು ಹಾಕುವ ಫಲಕ ಬಹುಮಟ್ಟಿಗೆ ಹೀಗಿರುತ್ತದೆ: ‘ಕುರ್‌ಆನ್ ವಚನ ನೇಯ್ದಿರುವ ಬಟ್ಟೆಯ ತುಂಡು, ಈಜಿಪ್ಟ್, 10ನೇ ಶತಮಾನ’. ಇಷ್ಟರಲ್ಲೇ ನಾಲ್ಕು ಹೇಳಿಕೆಗಳಿವೆ. ವಚನ ಕುರ್‌ಆನಿನದೇ, ನೇಯ್ದದ್ದೇ ಅಥವಾ ಕಸೂತಿಯೇ, ಊರು ಯಾವುದು, ಕಾಲ ಯಾವುದು ಎಂಬ ನಾಲ್ಕನ್ನೂ ಬಟ್ಟೆಯ ಮುಂದೆ ಕೂತು ಪರೀಕ್ಷಿಸಿ ಬರೆದ ಫಲಕಗಳು ಕಡಿಮೆ. ಅಕ್ಷರ ಓದುವವರು ಫೋಟೊ ನೋಡಿ ಓದಿ ಹೋಗುತ್ತಾರೆ. ನೇಯ್ಗೆ ಬಲ್ಲವರು ಅಕ್ಷರ ತಮಗೆ ಸಂಬಂಧಿಸಿದ್ದಲ್ಲ ಎಂದು ಬಿಡುತ್ತಾರೆ. ನಮ್ಮ ಬೇಡಿಕೆ ಒಂದೇ: ಈ ಬಟ್ಟೆಗಳ ಬರಹವನ್ನೂ ನೇಯ್ಗೆಯನ್ನೂ ಒಂದೇ ಮೇಜಿನ ಮೇಲಿಟ್ಟು, ಒಟ್ಟಿಗೆ ದಾಖಲಿಸಿ, ಒಟ್ಟಿಗೆ ತೋರಿಸಿ. ಇದೇನೂ ಹೊಸ ಬೇಡಿಕೆಯಲ್ಲ. ವಾಷಿಂಗ್ಟನ್ನಿನ ಟೆಕ್ಸ್‌ಟೈಲ್ ಮ್ಯೂಸಿಯಂ 1952ರಲ್ಲಿ ತನ್ನಲ್ಲಿರುವ ಕಾಲನಿರ್ದಿಷ್ಟ ತಿರಾಜ್‌ಗಳ (ಬರಹದ ಪಟ್ಟಿಯಿರುವ, ಖಲೀಫರ ಕಾಲದ ಬಟ್ಟೆಗಳ) ಸೂಚಿ ಪುಸ್ತಕ ತಂದಾಗ ಅರ್ನ್‌ಸ್ಟ್ ಕ್ಯೂನೆಲ್ ಬರಹ ಓದಿದರು, ಲೂಯಿಸಾ ಬೆಲ್ಲಿಂಜರ್ ನೂಲು, ನೇಯ್ಗೆ ನೋಡಿದರು. ಎಪ್ಪತ್ತು ವರ್ಷ ಕಳೆದರೂ ಆ ಪದ್ಧತಿ ಎಲ್ಲೆಡೆ ರೂಢಿಯಾಗಿಲ್ಲ ಎಂಬುದೇ ಈ ಪತ್ರಕ್ಕೆ ಕಾರಣ.

ಮೊದಲು ಬರಹ. ತಿರಾಜ್ ಎಂದರೆ ಖಲೀಫರ ಆಡಳಿತದ ಕಾರ್ಖಾನೆಗಳಲ್ಲಿ ತಯಾರಾದ, ಬರಹದ ಪಟ್ಟಿಯಿರುವ ಬಟ್ಟೆ. ಆ ಕಾರ್ಖಾನೆಗೂ ಅದೇ ಹೆಸರು. ನೈಲ್ ಮುಖಜ ಭೂಮಿಯ ತಿನ್ನೀಸ್, ದಮ್ಯಾತ್, ಶತಾ, ತೂನಾಗಳಲ್ಲಿ ಇಂಥ ಕಾರ್ಖಾನೆಗಳಿದ್ದವು. ಅರಮನೆಗೆ ಮೀಸಲಾದದ್ದು ‘ಖಾಸ್ಸಾ’, ಸಾರ್ವಜನಿಕರಿಗೂ ನೇಯುತ್ತಿದ್ದದ್ದು ‘ಆಮ್ಮಾ’. ಬಾಗ್ದಾದಿನ ಅಬ್ಬಾಸಿ ಖಲೀಫರ ಕಾಲದ ಪಟ್ಟಿಯ ಬರಹಕ್ಕೆ ಒಂದು ಸರ್ಕಾರಿ ಮಾದರಿ ಇದೆ: ಬಿಸ್ಮಿಲ್ಲಾ (‘ಅಲ್ಲಾಹನ ಹೆಸರಿನಲ್ಲಿ’ ಎಂಬ ಆರಂಭದ ಮಾತು), ಖಲೀಫನ ಹೆಸರು ಮತ್ತು ಬಿರುದು, ಆತನಿಗೆ ಆಯುಷ್ಯ ಕೋರುವ ಮಾತು, ‘ಇದನ್ನು ಮಾಡಿಸಲು ಆಜ್ಞಾಪಿಸಿದವರು’ ಎಂದು ವಜೀರನ ಹೆಸರು, ಕಾರ್ಖಾನೆ ಇರುವ ಊರು, ಕೆಲವೊಮ್ಮೆ ಮೇಲ್ವಿಚಾರಕನ ಹೆಸರು, ಕೊನೆಗೆ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ, ವರ್ಷ. ಬಿಸ್ಮಿಲ್ಲಾ ಬಿಟ್ಟರೆ ಇದರಲ್ಲಿ ಕುರ್‌ಆನಿನ ಪಾಠವೇನೂ ಇಲ್ಲ. ಕೈರೊದಿಂದ ಆಳಿದ ಶಿಯಾ ಖಲೀಫ ವಂಶವಾದ ಫಾತಿಮಿಗಳು ಬಂದ ಮೇಲೆ ಶಹಾದಾ (ಇಸ್ಲಾಮಿನ ನಂಬಿಕೆಯ ಸಾಕ್ಷ್ಯವಾಕ್ಯ), ‘ಅಲಿ ಅಲ್ಲಾಹನ ಆಪ್ತ’ ಎಂಬ ವಾಕ್ಯ, ಖಲೀಫನ ಪೂರ್ವಜರಿಗೂ ಸಂತತಿಗೂ ಸಲ್ಲಿಸುವ ಸಲವಾತ್ (ಆಶೀರ್ವಾದದ ಕೋರಿಕೆ) ಸೇರಿದವು. ‘ನಸ್ರ್ ಮಿನ್ ಅಲ್ಲಾಹ್’, ಅಂದರೆ ಅಲ್ಲಾಹನಿಂದ ಬಂದ ಜಯ, ಎಂಬ ಪದಗುಚ್ಛ ಕುರ್‌ಆನಿನ 61ನೇ ಅಧ್ಯಾಯದ 13ನೇ ವಚನದಲ್ಲಿದೆ, ನಿಜ. ಆದರೆ ಆ ಮೂರು ಪದ ಬಂದ ಮಾತ್ರಕ್ಕೆ ಇಡೀ ಪಟ್ಟಿ ಕುರ್‌ಆನ್ ಆಗುವುದಿಲ್ಲ. ನಿಜಕ್ಕೂ ಕುರ್‌ಆನ್ ನೇಯ್ದ ಬಟ್ಟೆ ನೋಡಬೇಕೆಂದರೆ ಸ್ಪೇನಿನ ಬುರ್ಗೋಸ್ ಊರಿನ ಲಾಸ್ ಉಯೆಲ್ಗಾಸ್ ಮಠಕ್ಕೆ ಹೋಗಬೇಕು. ಲಾಸ್ ನಾವಾಸ್ ದೆ ತೊಲೋಸಾ ಯುದ್ಧದ (1212) ಹೆಸರಿನಿಂದ ಕರೆಯುವ ರೇಷ್ಮೆ ಮತ್ತು ಜರಿಯ ಧ್ವಜದಲ್ಲಿ ಅದೇ 61ನೇ ಅಧ್ಯಾಯದ 10ರಿಂದ 12ರವರೆಗಿನ ವಚನಗಳು ಸಾಲಾಗಿವೆ. ಎರಡಕ್ಕೂ ಒಂದೇ ಫಲಕ ಹಾಕುವುದು ಸರಿಯಲ್ಲ. ಶ್ರದ್ಧಾವಂತರ ಮಟ್ಟಿಗೂ ಇದು ಸಣ್ಣ ವಿಷಯವಲ್ಲ: ವಚನವಿರುವ ವಸ್ತುವನ್ನು ಹೇಗೆ ಮುಟ್ಟಬೇಕು, ಎಲ್ಲಿಡಬೇಕು ಎಂಬುದು ಅದರ ಮೇಲೆ ನಿಂತಿದೆ.

ಇಸವಿಯ ವಿಷಯ ಇನ್ನೂ ಸೂಕ್ಷ್ಮ. ಅರಬಿಯಲ್ಲಿ ವರ್ಷವನ್ನು ಅಕ್ಷರದಲ್ಲಿ ಬರೆಯುವಾಗ ಬಿಡಿ ಮೊದಲು, ಆಮೇಲೆ ಹತ್ತು, ಕೊನೆಯಲ್ಲಿ ನೂರು: ‘ಒಂಬತ್ತು ಮತ್ತು ಎಂಬತ್ತು ಮತ್ತು ಮುನ್ನೂರು’. ಸಾಲು ಬಲದಿಂದ ಎಡಕ್ಕೆ ಹೋಗುವುದರಿಂದ ನೂರು ಬೀಳುವುದು ಎಡತುದಿಯಲ್ಲಿ. ಎಡತುದಿಯ ನಾಲ್ಕು ಬೆರಳಗಲ ಹರಿದು ಹೋದರೆ ಉಳಿಯುವುದು ‘ಒಂಬತ್ತು ಮತ್ತು ಎಂಬತ್ತು’ ಮಾತ್ರ. ಹಿಜರಿ 289 ಆದರೆ ಕ್ರಿ.ಶ. 902ರ ಸುಮಾರು, ಬಾಗ್ದಾದಿನ ಅಬ್ಬಾಸಿ ಆಳ್ವಿಕೆ. 389 ಆದರೆ 999, ಕೈರೊದ ಫಾತಿಮಿ ಖಲೀಫ ಅಲ್-ಹಾಕಿಮ್. 489 ಆದರೆ 1096, ಅಲ್-ಮುಸ್ತಅಲಿಯ ಕಾಲ. ಇನ್ನೂರು ವರ್ಷದ ಅಂತರ ಒಂದು ಸಣ್ಣ ತುಂಡಿನಲ್ಲಿ ಅಡಗಿರುತ್ತದೆ. ಖಲೀಫನ ಹೆಸರು ಬಲತುದಿಯಲ್ಲಿ, ನೂರು ಎಡತುದಿಯಲ್ಲಿ. ಈ ಎರಡು ತುದಿಗಳನ್ನು ಬೇರೆ ಬೇರೆ ಗಿರಾಕಿಗಳಿಗೆ ಮಾರಿದ ವ್ಯಾಪಾರಿ ಎರಡನ್ನೂ ಮೂಕವಾಗಿಸಿದ.

ಈಗ ಅಕ್ಷರ ನೇಯುವ ಬಗೆ. ಈಜಿಪ್ಟಿನ ತಿರಾಜಿನಲ್ಲಿ ಮೈ ಬಟ್ಟೆ ತೆಳು ಲಿನನ್ (ಅಗಸೆ ನಾರಿನ ಬಟ್ಟೆ), ಬರಹದ ಪಟ್ಟಿ ಬಣ್ಣದ ರೇಷ್ಮೆಯ ಟ್ಯಾಪೆಸ್ಟ್ರಿ. ನೇಕಾರ ಪಟ್ಟಿಯ ಜಾಗಕ್ಕೆ ಬಂದಾಗ ಲಾಳಿ ಬಿಡುತ್ತಾನೆ, ಹಾಸಿನ (ಉದ್ದದ) ಎಳೆಗಳನ್ನು ಎರಡೆರಡು ಮೂರುಮೂರು ಸೇರಿಸಿಕೊಳ್ಳುತ್ತಾನೆ, ಪ್ರತಿ ಬಣ್ಣಕ್ಕೊಂದು ಪುಟ್ಟ ಕಂಡಿಕೆ ಹಿಡಿದು ಆ ಬಣ್ಣಕ್ಕೆ ಎಷ್ಟು ಜಾಗವೋ ಅಷ್ಟರಲ್ಲೇ ಹೊಕ್ಕನ್ನು (ಅಡ್ಡ ಎಳೆಯನ್ನು) ಹೋಗಿಬರಿಸಿ ಬಿಗಿಯಾಗಿ ಬಡಿಯುತ್ತಾನೆ. ಸಾಲು ಹೊಕ್ಕಿನ ದಿಕ್ಕಿಗೆ ಸಾಗುತ್ತದೆ, ಅಲಿಫ್, ಲಾಮ್ ಅಕ್ಷರಗಳ ಕಂಬಗಳು ಹಾಸಿನ ದಿಕ್ಕಿಗೆ ನಿಲ್ಲುತ್ತವೆ. ತೊಂದರೆ ಇರುವುದು ಇಲ್ಲೇ. ಎರಡು ಬಣ್ಣಗಳ ಗಡಿ ಹಾಸಿನ ಉದ್ದಕ್ಕೆ ನೇರವಾಗಿ ಏರಿದರೆ ಎರಡೂ ಬದಿಯ ಹೊಕ್ಕು ಒಂದನ್ನೊಂದು ಮುಟ್ಟದೆ ಹಿಂದಿರುಗುತ್ತವೆ, ನಡುವೆ ಸೀಳು ಬೀಳುತ್ತದೆ. ಕೂಫಿ ಎಂಬ ಹಳೆಯ, ಕೋನಾಕಾರದ ಅರಬಿ ಲಿಪಿಯ ಎತ್ತರದ ಕಂಬವೆಂದರೆ ಎಡಬಲದಲ್ಲಿ ಎರಡು ಸೀಳು. ಒಳ್ಳೆಯ ಕೈ ಆ ಸೀಳನ್ನು ಅಕ್ಷರದ ಅಂಚಿನ ಗೆರೆಯಾಗಿ ದುಡಿಸಿಕೊಳ್ಳುತ್ತದೆ, ಇಲ್ಲವೇ ಒಂದೆರಡು ಎಳೆಗೊಮ್ಮೆ ಮೆಟ್ಟಿಲಿಟ್ಟು ಗಡಿಯನ್ನು ಓರೆ ಮಾಡುತ್ತದೆ. ಕಂಬದ ತುದಿ ಓರೆಯಾದದ್ದು, ಎಲೆಯಂತೆ ಅರಳಿದ್ದು ಬರೀ ಲಿಪಿಕಾರನ ಚಮತ್ಕಾರ ಎಂದು ಬರೆಯುವವರು ಮಗ್ಗದ ಪಾಲನ್ನು ಮರೆತಿರುತ್ತಾರೆ.

ಇದು ತಿಳಿದಿರಬೇಕಾದ್ದೇಕೆಂದರೆ, ಓದುವ ತಪ್ಪುಗಳು ಹುಟ್ಟುವುದೂ ಇಲ್ಲಿಯೇ. ಆ ಕಾಲದ ಕೂಫಿಯಲ್ಲಿ ಚುಕ್ಕೆಯಿಲ್ಲ. ಬ, ತ, ಥ, ನ, ಯ ಐದೂ ಪದದ ನಡುವೆ ಬಂದಾಗ ಒಂದೇ ಥರದ ಒಂದು ಹಲ್ಲು. ಒಂದು ಹಲ್ಲು ಸವೆದರೆ ಪದವೇ ಬದಲಾಗುತ್ತದೆ, ಹುಳು ತಿಂದ ತೂತು ಇಲ್ಲದ ಹಲ್ಲನ್ನು ಹುಟ್ಟಿಸುತ್ತದೆ. ಅಕ್ಷರದ ಸುತ್ತ ಗೆರೆ ಎಳೆಯಲು ಬಳಸಿದ ಕಪ್ಪು ಅಥವಾ ಕಡುಕಂದು ರೇಷ್ಮೆ ಎಲ್ಲಕ್ಕಿಂತ ಮೊದಲು ಉದುರುತ್ತದೆ, ಏಕೆಂದರೆ ಕಪ್ಪಿಗೆ ಹಾಕುತ್ತಿದ್ದ ಕಬ್ಬಿಣದ ಅಂಶ ನಾರನ್ನು ಒಳಗಿನಿಂದ ತಿನ್ನುತ್ತದೆ. ಆಗ ಬರಿಯ ಲಿನನ್ ಹಾಸು ಉಳಿಯುತ್ತದೆ. ಅದನ್ನು ಹಾಳಾದ ಜಾಗ ಎಂದು ಹಿಂದಿನಿಂದ ಬಟ್ಟೆ ಕೊಟ್ಟು ಹೊಲಿದುಬಿಟ್ಟರೆ ಅಕ್ಷರ ಶಾಶ್ವತವಾಗಿ ಹೋಯಿತು. ಪಿಕ್ ಗ್ಲಾಸ್ (ಎಳೆ ಎಣಿಸುವ ಭೂತಗನ್ನಡಿ) ಹಿಡಿದು ನೋಡಿ: ಎಳೆಗಳು ಎರಡೆರಡು, ಮೂರುಮೂರು ಗುಂಪಾಗಿ ನಿಂತಿದ್ದರೆ ಅಲ್ಲಿ ರೇಷ್ಮೆಯ ಹೊಕ್ಕು ಇತ್ತು ಎಂದರ್ಥ. ಬರಿಯ ಹಾಸಿನ ಆ ಗುಂಪುಗಳಿಂದಲೇ ಕಳೆದುಹೋದ ಗೆರೆಯನ್ನು ಹಿಂಬಾಲಿಸಬಹುದು. ಸಂರಕ್ಷಣೆಯ ಹೊಲಿಗೆ ಹಾಕುವ ಮೊದಲು ಲಿಪಿ ಬಲ್ಲವರನ್ನು ಕೂರಿಸಿ ನಕ್ಷೆ ಬರೆಸಿಕೊಳ್ಳಿ ಎಂದು ನಾವು ಪಟ್ಟುಹಿಡಿಯುವುದು ಇದಕ್ಕೇ.

ಇರಾಕ್, ಇರಾನ್ ಕಡೆಯ ತಿರಾಜ್ ಬೇರೆ ಜಾತಿ. ಅಲ್ಲಿ ಮೈ ಬಟ್ಟೆ ಹತ್ತಿಯದು, ಅಥವಾ ಮುಲ್ಹಮ್, ಅಂದರೆ ಹಾಸು ರೇಷ್ಮೆ, ಹೊಕ್ಕು ಹತ್ತಿ. ಬರಹ ಹೆಚ್ಚಾಗಿ ಸೂಜಿಯ ಕೆಲಸ. ಯೆಮನ್‌ನಲ್ಲಿ ಹಾಸನ್ನೇ ಕಟ್ಟಿ ಬಣ್ಣ ಹಾಕಿದ ಹತ್ತಿಬಟ್ಟೆಯ ಮೇಲೆ ಕಸೂತಿ, ಅಥವಾ ಮಸಿ ಮತ್ತು ಬಂಗಾರದ ಬರವಣಿಗೆ. ಫಲಕದಲ್ಲಿ ಎಲ್ಲವೂ ‘ನೇಯ್ದದ್ದು’. ಹಿಂಬದಿ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ: ಟ್ಯಾಪೆಸ್ಟ್ರಿಯಾದರೆ ಹಿಂದೆಯೂ ಅದೇ ಅಕ್ಷರ, ಕನ್ನಡಿಯಲ್ಲಿ ಕಂಡಂತೆ, ಕಸೂತಿಯಾದರೆ ಒಂದಕ್ಷರದಿಂದ ಇನ್ನೊಂದಕ್ಕೆ ಜಿಗಿದ ದಾರ, ಗಂಟು, ತುದಿಗಳು ಕಾಣುತ್ತವೆ. ಬೋರ್ಡಿಗೆ ಅಂಟಿಸಿಟ್ಟ ತುಂಡುಗಳಲ್ಲಿ ಈ ಅರ್ಧ ನಿಮಿಷದ ಪರೀಕ್ಷೆಯೂ ಸಾಧ್ಯವಿಲ್ಲ.

ನೂಲಿನ ಹುರಿಯನ್ನೂ ಬರೆದಿಡಿ. ಎಳೆಯನ್ನು ನೆಟ್ಟಗೆ ಹಿಡಿದು ನೋಡಿದಾಗ ಹುರಿಯ ಓರೆ ಮೇಲೆಡದಿಂದ ಕೆಳಬಲಕ್ಕೆ ಇಳಿದರೆ ಎಸ್, ಮೇಲ್ಬಲದಿಂದ ಕೆಳೆಡಕ್ಕೆ ಇಳಿದರೆ ಜೆಡ್. ಈಜಿಪ್ಟಿನ ಲಿನನ್ ಸಾಮಾನ್ಯವಾಗಿ ಎಸ್. ಇರಾಕ್, ಇರಾನ್, ಭಾರತದ ಹತ್ತಿ ಜೆಡ್. ಕೈರೊ ಬಳಿಯ ಫುಸ್ತಾತಿನಲ್ಲಿ ಸಿಕ್ಕ ಗುಜರಾತಿನ ಅಚ್ಚುಬಟ್ಟೆಗಳನ್ನು ಬೇರ್ಪಡಿಸುವಲ್ಲಿಯೂ ಈ ಗುರುತು ನೆರವಾಗುತ್ತದೆ. ಹುರಿಯೊಂದರಿಂದಲೇ ತೀರ್ಪು ಕೊಡಬಾರದು, ಆದರೆ ‘ಈಜಿಪ್ಟ್’ ಎಂದು ಬರೆದ ಬಟ್ಟೆಯಲ್ಲಿ ಜೆಡ್ ಹುರಿಯ ಹತ್ತಿ ಕಂಡರೆ ಫಲಕವನ್ನು ತೆಗೆದಿಟ್ಟು ಮತ್ತೊಮ್ಮೆ ಕೂರಬೇಕು.

ಬರಹವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿರುವ ರೇಷ್ಮೆಗಿಂತ ಒಳ್ಳೆಯ ಪಾಠ ಬೇಕಿಲ್ಲ. ಸ್ಪೇನಿನ ಬುರ್ಗೊ ದೆ ಓಸ್ಮಾದಲ್ಲಿ ಒಬ್ಬ ಕ್ರೈಸ್ತ ಸಂತನ ಗೋರಿಯಿಂದ ಬಂದ ಬಟ್ಟೆ ಅದು. ‘ಇದು ಬಾಗ್ದಾದಿನಲ್ಲಿ ಮಾಡಿದ್ದು, ಅಲ್ಲಾಹ್ ಆ ನಗರವನ್ನು ಕಾಪಾಡಲಿ’ ಎಂದು ಬಟ್ಟೆಯೇ ಹೇಳುತ್ತದೆ. ಆದರೆ ಅದರ ಕಾಗುಣಿತ ಪಶ್ಚಿಮದ ಅರಬಿಯದು ಎಂದು ಫ್ಲಾರೆನ್ಸ್ ಡೇ 1954ರಲ್ಲಿ ತೋರಿಸಿದರು. ಜರಿಯನ್ನು ಜೇನುಗೂಡಿನ ಕಣ್ಣುಗಳಂತೆ ಕಟ್ಟಿಹಾಕಿರುವ ನೇಯ್ಗೆಯೂ 12ನೇ ಶತಮಾನದ ಮುಸ್ಲಿಂ ಸ್ಪೇನಿನದೇ. ಬಾಗ್ದಾದಿನ ಮಾಲಿಗೆ ಬೆಲೆ ಹೆಚ್ಚು, ಹಾಗಾಗಿ ಸ್ಪೇನಿನ ಮಗ್ಗ ಬಾಗ್ದಾದಿನ ಹೆಸರು ಹಾಕಿತು. ಇಂಥ ಕಳ್ಳ ಮುದ್ರೆ ಹಾಕಕೂಡದೆಂದು ಅಲ್ಲಿನ ಮಾರುಕಟ್ಟೆ ನಿಯಮಗಳಲ್ಲೇ ನಿಷೇಧವಿತ್ತು.

ಇರಾನನ್ನು ಆಳಿದ ಬುವೈಹಿ ವಂಶದ ಕಾಲದವೆಂದು ಹೆಸರಾದ ‘ಬುವೈಹಿ ರೇಷ್ಮೆ’ಗಳದು ಇನ್ನೂ ಕಹಿ ಕಥೆ. 1924–25ರ ಸುಮಾರಿಗೆ ರೈ ನಗರದ ಬಳಿಯ ಗೋರಿಗಳಿಂದ ಕೆಲವು ರೇಷ್ಮೆಗಳು ಬಂದವು. ಬೆನ್ನಿಗೇ ಅದೇ ಹೆಸರಿನಲ್ಲಿ ಮಾರುಕಟ್ಟೆಯಲ್ಲಿ ಪ್ರವಾಹ. ದೊಡ್ಡ ದೊಡ್ಡ ಮ್ಯೂಸಿಯಂಗಳು ಕೊಂಡವು, ದಶಕಗಳ ಕಾಲ ವಾದ ನಡೆಯಿತು. 1990ರ ದಶಕದ ಆರಂಭದಲ್ಲಿ ಲಿಪಿ ಪರಿಶೀಲನೆ ಮತ್ತು ನಾರಿನ ವಯಸ್ಸು ಹೇಳುವ ಕಾರ್ಬನ್-14 ಪರೀಕ್ಷೆ ಒಟ್ಟಿಗೆ ಮಾಡಿದಾಗ ಹಲವು ತುಂಡುಗಳು ಆಧುನಿಕವೆಂದು ತಿಳಿಯಿತು, ಕೆಲವು ನಿಜಕ್ಕೂ ಹಳೆಯವು. ಕಾರ್ಬನ್ ಪರೀಕ್ಷೆಗೆ ಇಂದು ಬೇಕಾಗುವುದು ಕೆಲವೇ ಮಿಲಿಗ್ರಾಂ ನೂಲು. ಲಕ್ಷಾಂತರ ಕೊಟ್ಟು ಕೊಳ್ಳುವ ಮೊದಲು ಅಷ್ಟು ನೂಲು ಕೊಡಲು ಒಪ್ಪದ ಮಾರಾಟಗಾರನ ಬಳಿ ಕೊಳ್ಳಬೇಡಿ. ಅಂಟು, ಮೇಣ, ಹಿಂದಿನ ರಿಪೇರಿಯ ದಾರ ಇಲ್ಲದ ಜಾಗದಿಂದಲೇ ಮಾದರಿ ತೆಗೆಯಬೇಕು, ಇಲ್ಲದಿದ್ದರೆ ಫಲಿತಾಂಶ ರಿಪೇರಿಯ ಕಾಲವನ್ನು ಹೇಳುತ್ತದೆ.

ಬರಹವನ್ನು ಓದದೇ ಇದ್ದರೆ? ಫ್ರಾನ್ಸಿನ ಕದ್ವೆಂ (Cadouin) ಮಠದಲ್ಲಿ ಶತಮಾನಗಳ ಕಾಲ ಜನ ಕ್ರಿಸ್ತನ ತಲೆಗೆ ಸುತ್ತಿದ ಬಟ್ಟೆ ಎಂದು ನಂಬಿ ಯಾತ್ರೆ ಹೋದರು. 1930ರ ದಶಕದಲ್ಲಿ ಅದರ ಅಂಚಿನ ಪಟ್ಟಿ ಓದಿಸಿದಾಗ ಫಾತಿಮಿ ಖಲೀಫ ಅಲ್-ಮುಸ್ತಅಲಿ, ಆತನ ವಜೀರ ಅಲ್-ಅಫ್ಜಲ್ ಇವರ ಹೆಸರುಗಳು ಸಿಕ್ಕವು. 1934ರಲ್ಲಿ ಬಿಷಪ್ ಯಾತ್ರೆ ನಿಲ್ಲಿಸಿದರು. ಅದೇ ಖಲೀಫ, ಅದೇ ವಜೀರನ ಹೆಸರಿರುವ, 1096–97ರಲ್ಲಿ ದಮ್ಯಾತ್‌ನಲ್ಲಿ ನೇಯ್ದ ಇನ್ನೊಂದು ಬಟ್ಟೆ ಆಪ್ತ್ ಊರಿನ ಚರ್ಚಿನಲ್ಲಿ ಸಂತ ಆನ್‌ಳ ಮುಸುಕು ಎಂದು ಪೂಜೆಗೊಂಡಿತು. ಅದು ಸುಮಾರು ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಇಡೀ ಬಟ್ಟೆ. ಚರ್ಚಿನ ಭಕ್ತಿ ತಪ್ಪು ತಿಳಿವಳಿಕೆಯ ಮೇಲೆ ನಿಂತಿದ್ದರೂ ಬಟ್ಟೆಯನ್ನು ಕತ್ತರಿಸಲಿಲ್ಲ. ತಿಳಿದವರ ಕೈಗೆ ಬಿದ್ದ ಈಜಿಪ್ಟಿನ ಗೋರಿಬಟ್ಟೆಗಳಿಗೆ ಆ ಅದೃಷ್ಟ ಇರಲಿಲ್ಲ: ಬರಹದ ಪಟ್ಟಿ ಕತ್ತರಿಸಿ ಮಾರಿ, ಬರಿಯ ಲಿನನ್ ಎಸೆದರು. ಎಸೆದದ್ದರಲ್ಲಿ ಏನಿತ್ತು? ಬಟ್ಟೆಯ ಅಗಲ ಹೇಳುವ ಎರಡು ಅಂಚುಗಳಿದ್ದವು. ಪಟ್ಟಿ ತಲೆಯ ಕಡೆಯದೋ ತೋಳಿನದೋ ಎಂದು ಹೇಳುವ ಹೊಲಿಗೆ, ಮಡಿಕೆಗಳಿದ್ದವು. ಸತ್ತವರ ತಲೆಗೆ, ಕಣ್ಣಿಗೆ ಸುತ್ತಿದ್ದನ್ನು ತೋರಿಸುವ ಕಲೆಗಳಿದ್ದವು. ಅಬ್ಬಾಸಿಗಳಿಗಿಂತ ಮುಂಚಿನ ಉಮಯ್ಯದ್ ಖಲೀಫರ ಕಾಲದ, ಬರಹದಲ್ಲಿ ಮರ್ವಾನ್ ಎಂಬ ಹೆಸರಿರುವ ರೇಷ್ಮೆಯ ತುಂಡುಗಳು ಇಂದು ಲಂಡನ್, ಬ್ರೂಕ್ಲಿನ್, ಮ್ಯಾಂಚೆಸ್ಟರ್‌ಗಳಲ್ಲಿ ಹಂಚಿಹೋಗಿವೆ. ಅದರ ಕಸೂತಿ ‘ಇಫ್ರೀಕಿಯಾದ ತಿರಾಜ್’ ಎನ್ನುತ್ತದೆ, ಅಂದರೆ ಇಂದಿನ ತುನೀಸಿಯಾ ಕಡೆ. ಆ ಮಾತು ಸೂಜಿಯ ಕೆಲಸಕ್ಕೆ ಸಲ್ಲುತ್ತದೆ. ಅಡಿಯ ರೇಷ್ಮೆಯನ್ನು ಯಾವ ಊರು ನೇಯ್ದಿತೆಂದು ಅದರಿಂದ ಹೇಳಲಾಗದು.

ಮೆಕ್ಕಾದ ಕಅಬಾಕ್ಕೆ ಹೊದಿಸುವ ಕಪ್ಪು ಬಟ್ಟೆಯಾದ ಕಿಸ್ವಾ ಮತ್ತು ಒಟ್ಟೋಮನ್ ಕಾಲದ ಗೋರಿಹೊದಿಕೆಗಳು ಬೇರೆ ಮಗ್ಗದ ಸಂತಾನ. ಇಲ್ಲಿ ಅಕ್ಷರ ಬರುವುದು ನಕ್ಷೆಗೆ ತಕ್ಕಂತೆ ಹಾಸಿನ ಎಳೆಗಳನ್ನು ಹಗ್ಗದಿಂದ ಎತ್ತುವ ಎಳೆಮಗ್ಗದಿಂದ, ಇಂದಿನ ಮೆಕ್ಕಾದ ಕಾರ್ಖಾನೆಯಲ್ಲಿ ಅದೇ ಕೆಲಸವನ್ನು ಯಂತ್ರದಿಂದ ಮಾಡುವ ಜಕಾರ್ಡಿನಿಂದ. ಜಕಾರ್ಡ್ ಕಟ್ಟಿದ ನಮ್ಮ ಕಡೆಯ ಯಾವ ನೇಕಾರರಿಗೂ ಗೊತ್ತಿರುವ ವಿಷಯ: ಬುಟ್ಟಾದ ಅರ್ಧ ನಕ್ಷೆ ಕಟ್ಟಿ ಉಳಿದರ್ಧವನ್ನು ಕನ್ನಡಿ ಹಾಕಿದರೆ ಜಕಾರ್ಡಿನ ಕೊಕ್ಕೆಗಳೂ ನಕ್ಷೆಯ ಕೆಲಸವೂ ಅರ್ಧ ಉಳಿಯುತ್ತವೆ. ನವಿಲಿಗೆ, ಹೂವಿಗೆ ಅದು ನಡೆಯುತ್ತದೆ. ಅಕ್ಷರಕ್ಕೆ ಹಾಕಿದರೆ ಒಂದು ಬದಿ ಸರಿ, ಇನ್ನೊಂದು ಬದಿ ತಿರುಗುಮುರುಗು. ಸ್ಪೇನಿನ ರೇಷ್ಮೆಗಳಲ್ಲಿ ಶುಭ ಹಾರೈಸುವ ಚಿಕ್ಕ ಪದಗಳು ಹೀಗೆ ಜೋಡಿಯಾಗಿ ಬರುತ್ತವೆ. ಇದನ್ನು ತಿಳಿಯದ ಪುಟವಿನ್ಯಾಸಕರು ಫೋಟೊ ತಿರುಗಿಬಿಟ್ಟಿದೆ ಎಂದು ‘ಸರಿಪಡಿಸಿ’, ನೇರವಾಗಿದ್ದ ಅರ್ಧವನ್ನೂ ಕೆಡಿಸುತ್ತಾರೆ. ಪ್ರತಿ ಫೋಟೊದಲ್ಲೂ ಅಳತೆಪಟ್ಟಿ ಮತ್ತು ಸಂಖ್ಯೆಯ ಚೀಟಿ ಇರಲಿ, ಚೀಟಿ ತಿರುಗಿದ್ದರೆ ಫೋಟೊವೂ ತಿರುಗಿದೆ. ಒಟ್ಟೋಮನ್ ಹೊದಿಕೆಗಳಲ್ಲಿ ಅಂಕುಡೊಂಕಾಗಿ ಸಾಗುವ ಶಹಾದಾದಂಥ ಉದ್ದದ ವಾಕ್ಯಕ್ಕೆ ಕನ್ನಡಿ ಒಗ್ಗುವುದಿಲ್ಲ, ಇಡೀ ನಕ್ಷೆಯನ್ನೇ ಕಟ್ಟಬೇಕು. ಆ ಖರ್ಚನ್ನು ಹೊತ್ತದ್ದೇ ಅಲ್ಲಿನ ಬರಹಕ್ಕೆ ಕೊಟ್ಟ ಮರ್ಯಾದೆ.

ಕಿಸ್ವಾದ ಕಪ್ಪಿನ ಮೇಲಿನ ಕಪ್ಪು ಬರಹ ಮುಂದಿನಿಂದ ಬೆಳಕು ಹಾಯಿಸಿದರೆ ಕಾಣುವುದೇ ಇಲ್ಲ. ಬಣ್ಣ ಒಂದೇ, ಒಂದರಲ್ಲಿ ಹಾಸು ಮೇಲೆ ತೇಲುತ್ತದೆ, ಇನ್ನೊಂದರಲ್ಲಿ ಹೊಕ್ಕು. ಹಾಗಾಗಿ ಒಂದೇ ದೀಪವನ್ನು ಬಟ್ಟೆಯ ಮಟ್ಟದಿಂದ 15–20 ಡಿಗ್ರಿಯಲ್ಲಿ ಹಾಸಿನ ದಿಕ್ಕಿಗೆ ಹಿಡಿದು ಒಂದು ಫೋಟೊ, ಹೊಕ್ಕಿನ ದಿಕ್ಕಿಗೆ ಹಿಡಿದು ಇನ್ನೊಂದು. ಒಂದರಲ್ಲಿ ಅಕ್ಷರ ಮಿಂಚುತ್ತದೆ, ಇನ್ನೊಂದರಲ್ಲಿ ನೆಲ. ಗ್ಯಾಲರಿಯ ದೀಪವನ್ನೂ ಹಾಗೆಯೇ ಕೂರಿಸಬಹುದು. ನೇಯ್ದ ಈ ಬರಹ ಬೇರೆ, ಅದರ ಮೇಲೆ ಸುತ್ತುವ ಹಿಜಾಮ್ ಬೇರೆ. ಹಿಜಾಮ್ ಸುಮಾರು 47 ಮೀಟರ್ ಉದ್ದ, 95 ಸೆಂಟಿಮೀಟರ್ ಅಗಲದ ಪಟ್ಟಿ. ಹತ್ತಿ ತುಂಬಿ ಉಬ್ಬಿಸಿ, ಬಂಗಾರದ ನೀರು ಕೊಟ್ಟ ಬೆಳ್ಳಿತಂತಿಯ ಕಸೂತಿ ಮಾಡಿದ್ದು. ತೂಕದ ಕಸೂತಿಯನ್ನು ಸುತ್ತಿಡಬಾರದು, ಚಪ್ಪಟೆಯಾಗಿಡಬೇಕು. ಕಪ್ಪಾದ ತಂತಿಯನ್ನು ಪಾಲಿಷ್ ಮಾಡಲೂಬಾರದು, ಬಂಗಾರವೇ ಹೋಗುತ್ತದೆ. ಇನ್ನೊಂದು ಮಾತು: ಹಳೆಯ ಕಿಸ್ವಾವನ್ನು ಇಳಿಸಿ ತುಂಡು ಮಾಡಿ ಹಂಚುವುದು ಬಹುಕಾಲದ ಪದ್ಧತಿ. ಆ ಕತ್ತರಿ ವಸ್ತುವಿನ ಚರಿತ್ರೆಯ ಭಾಗ. ತಿರಾಜಿಗೆ ಬಿದ್ದ ವ್ಯಾಪಾರಿಯ ಕತ್ತರಿಯನ್ನು ಇದರ ಹೆಸರಿನಲ್ಲಿ ಸಮರ್ಥಿಸುವುದು ಬೇಡ.

ಆರೈಕೆಯ ಮಾತು ಚಿಕ್ಕದಾಗಿ ಹೇಳಿಬಿಡುತ್ತೇವೆ, ಬಹುಪಾಲು ನಿಮಗೆ ಗೊತ್ತಿರುವುದೇ. ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರದಿರಲಿ, ಮೂರ್ನಾಲ್ಕು ತಿಂಗಳು ತೋರಿಸಿದರೆ ವರ್ಷಗಟ್ಟಲೆ ಕತ್ತಲೆಯ ವಿಶ್ರಾಂತಿ ಕೊಡಿ. ತೇವಾಂಶ 50 ಪ್ರತಿಶತದ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ನಿಲ್ಲಲಿ. ಎರಡು ಗಾಜುಗಳ ನಡುವೆ ಒತ್ತಿಟ್ಟ ಹಳೆಯ ತುಂಡುಗಳನ್ನು ಮೊದಲು ಬಿಡಿಸಬೇಕು, ಗಾಜಿಗೆ ಬೆವರು ಕಟ್ಟಿ ಬಟ್ಟೆ ಅಂಟಿಕೊಂಡಿರುತ್ತದೆ. ಗೋರಿಬಟ್ಟೆಯ ಕಂದು ಕಲೆಯನ್ನು ತೊಳೆಯಬೇಡಿ. ಅದು ಒಬ್ಬ ಮನುಷ್ಯನ ದೇಹದ ಉಳಿಕೆ, ಸಾಕ್ಷ್ಯವೂ ಹೌದು. ಗೋರಿಯಿಂದ ಬಂದದ್ದಾದರೆ ಫಲಕದಲ್ಲಿ ಹಾಗೆಂದೇ ಬರೆಯಿರಿ. ಉತ್ತರ ಭಾರತದ್ದು ಅಥವಾ ದಖ್ಖನಿನದು ಎಂದು ಗುರುತಿಸುವ 15–16ನೇ ಶತಮಾನದ ತಾಯಿತದ ಅಂಗಿಗಳಲ್ಲಂತೂ ಕುರ್‌ಆನನ್ನು ಹತ್ತಿಬಟ್ಟೆಯ ಮೇಲೆ ಮಸಿಯಲ್ಲಿ ಬರೆದಿದೆ, ನೇಯ್ದಿಲ್ಲ. ಒಂದು ಹನಿ ನೀರು ಬಿದ್ದರೂ ವಚನ ಕಲಸಿಹೋಗುತ್ತದೆ.

ಹಜ್‌ನಿಂದ ತಂದ ಕಿಸ್ವಾದ ತುಂಡನ್ನು ಮನೆಯಲ್ಲಿ ಫ್ರೇಮ್ ಹಾಕಿಸಿಟ್ಟವರಿಗೂ ಇದೇ ಮಾತು ಸಲ್ಲುತ್ತದೆ: ಫೆವಿಕಾಲ್, ಟೇಪ್ ಬೇಡ, ಗಾಜಿಗೂ ಬಟ್ಟೆಗೂ ನಡುವೆ ಕನಿಷ್ಠ ಅರ್ಧ ಸೆಂಟಿಮೀಟರ್ ಜಾಗ ಬಿಡಿಸಿ, ಬಿಸಿಲು ಬೀಳುವ ಗೋಡೆಗೆ, ಅಡುಗೆಮನೆಯ ಪಕ್ಕದ ಗೋಡೆಗೆ ತೂಗಬೇಡಿ. ತಲೆಕೆಳಗಾಗಿ ಫ್ರೇಮ್ ಮಾಡಿಸಿರುವುದೂ ಉಂಟು, ಅಂಗಡಿಯವರಿಗೆ ಕೊಡುವ ಮುಂಚೆ ಅರಬಿ ಓದಬಲ್ಲವರೊಬ್ಬರಿಗೆ ತೋರಿಸಿ ಮೇಲ್ಭಾಗಕ್ಕೆ ಗುರುತು ಹಾಕಿಸಿಕೊಳ್ಳಿ.

ಮ್ಯೂಸಿಯಂಗಳಿಂದ ನಾವು ಕೇಳುವ ದಾಖಲೆ ಇಷ್ಟು. ಬರಹವನ್ನು ಅರಬಿಯಲ್ಲೇ ಪೂರ್ತಿ ಬರೆಯಿರಿ. ಕಾಣುವ ಅಕ್ಷರ, ಅರೆಕಾಣುವ ಅಕ್ಷರ, ಓದುಗರು ಊಹಿಸಿ ತುಂಬಿದ ಅಕ್ಷರ ಮೂರಕ್ಕೂ ಬೇರೆ ಬೇರೆ ಗುರುತಿರಲಿ. ಅಕ್ಷರ ನೇಯ್ದದ್ದೋ, ಹೊಲಿದದ್ದೋ, ಬರೆದದ್ದೋ ಎಂಬುದು ಮೊದಲ ಸಾಲಿನಲ್ಲೇ ಬರಲಿ. ಹಾಸು, ಹೊಕ್ಕು ಯಾವ ನಾರು, ಯಾವ ಹುರಿ, ಒಂದು ಸೆಂಟಿಮೀಟರಿಗೆ ಎಷ್ಟೆಳೆ ಎಂದು ಕನಿಷ್ಠ ಮೂರು ಜಾಗದಲ್ಲಿ ಎಣಿಸಿ ಬರೆಯಿರಿ. ಪಟ್ಟಿಯೊಳಗೊಂದು ಎಣಿಕೆ, ಬರಿಯ ಬಟ್ಟೆಯಲ್ಲೊಂದು ಬೇರೆ ಇರಲಿ. ಪಟ್ಟಿಯ ಮೇಲೆ, ಕೆಳಗೆ ಉಳಿದಿರುವ ಬರಿಯ ಬಟ್ಟೆಯ ಅಳತೆ, ಅಂಚು ಉಳಿದಿದೆಯೋ ಇಲ್ಲವೋ, ಕತ್ತರಿಯ ಗಾಯ ಯಾವುದು, ಹರಿದದ್ದು ಯಾವುದು ಎಂಬುದೂ ಬೇಕು. ಮುಂಬದಿ, ಹಿಂಬದಿ ಎರಡರ ಫೋಟೊ ಮುಕ್ತವಾಗಿ ಸಿಗಬೇಕು. ಹಿಂಬದಿಯ ಫೋಟೊ ಕೊಡದ ಹರಾಜಿನ ಪಟ್ಟಿಯನ್ನು ಕೊಳ್ಳುವವರು ಬದಿಗಿಡಲಿ. ಈ ಕೆಲಸಕ್ಕೆ ಲಿಪಿತಜ್ಞರ ಜೊತೆ ಮಗ್ಗದಲ್ಲಿ ಕೂತು ಪಳಗಿದ ಒಬ್ಬ ನೇಕಾರರಿಗೂ ಸಂಭಾವನೆ ಕೊಟ್ಟು ಕರೆಯಿರಿ. ಕನ್ನಡಿ ನಕ್ಷೆ ಎಲ್ಲಿ ಮಡಚಿದೆ, ಎಲ್ಲಿ ಎಳೆ ತಪ್ಪಿದೆ ಎಂದು ಅವರು ಬೆರಳಿಟ್ಟು ತೋರಿಸುವ ವೇಗ ಬೇರೆಯವರಿಗಿಲ್ಲ.

ಕೊನೆಯದಾಗಿ, ಹಂಚಿಹೋದ ತುಂಡುಗಳ ವಿಷಯ. ಒಂದೇ ಬಟ್ಟೆಯ ಎರಡು ಭಾಗ ಎರಡು ಖಂಡಗಳಲ್ಲಿದ್ದರೆ ಅವನ್ನು ಒಂದು ಕಡೆ ತರಲು ವರ್ಷಗಳು ಹಿಡಿಯಬಹುದು. ಆದರೆ ಹಾಸಿನ ಎಣಿಕೆ, ಪಟ್ಟಿಯ ಎತ್ತರ, ಬರಹದ ಮೊದಲ ಮತ್ತು ಕೊನೆಯ ಪದ, ಈ ಮೂರನ್ನು ಎಲ್ಲ ಮ್ಯೂಸಿಯಂಗಳೂ ಒಂದೇ ಮಾದರಿಯಲ್ಲಿ ಪ್ರಕಟಿಸಿದರೆ ಜೋಡಿ ಹುಡುಕುವ ಕೆಲಸ ಮುಂದಿನ ಬಜೆಟ್ಟಿಗೆ ಕಾಯಬೇಕಿಲ್ಲ. ಕಾಲನಿರ್ದಿಷ್ಟ ತುಂಡುಗಳಿಂದ, ಅದರಲ್ಲೂ ಎಡತುದಿ ಹರಿದವುಗಳಿಂದ ಶುರುಮಾಡಿ.

ಇಂತಿ,
ಹಳೆಯ ಜವಳಿಯ ಸಂರಕ್ಷಣೆ, ನೇಯ್ಗೆಯ ವಿಶ್ಲೇಷಣೆ ಹಾಗೂ ಅರಬಿ ಲಿಪಿಯ ಓದಿನಲ್ಲಿ ತೊಡಗಿರುವವರು